ಹಟ್ಟಿಯಲ್ಲಿ ಹುಟ್ಟಿದ ಕುದುರೆ

ಉಪ್ಪುಂದದ ನಮ್ಮ ಹಟ್ಟಿಯಲ್ಲಿ ಒಮ್ಮೆ ಒಂದು ಕುದುರೆ ಹುಟ್ಟಿತ್ತು ಎಂದರೆ ನೀವು ರೇಡಿಯೊದ ಕಿವಿ ಹಿಂಡಿ ಬಾಯಿ ಮುಚ್ಚಿಸುತ್ತೀರಿ. ಕುದುರೆ ನಮ್ಮ ಕಡೆಯ ಪ್ರಾಣಿಯೇ ಅಲ್ಲ. ಮದುವೆಯ ದಿಬ್ಬಣಕ್ಕೂ ನಾವು ಕುದುರೆ ತರಿಸುವವರಲ್ಲ. ಯಕ್ಷಗಾನದ ರಂಗದಲ್ಲಿ ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕುವಾಗಲೂ ಆ ಕುದುರೆಯನ್ನು ನಾವೇ ಮನಸ್ಸಿನಲ್ಲಿ ತಂದುಕೊಳ್ಳಬೇಕು. ಆದರೂ ನಮ್ಮ ಹಟ್ಟಿಯಲ್ಲಿ ಎರಡು ವರ್ಷ 'ಕುದುರೆ' ಎಂಬ ಹೆಸರಿನದೊಂದು ಇತ್ತು. ಅದಕ್ಕೆ ಆ ಹೆಸರು ಹೇಗೆ ಬಂತು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಅದು ಹುಟ್ಟಲಿ.

ನಾನು ಪಿಯುಸಿ ಓದುತ್ತಿದ್ದ ವರ್ಷ. ಆಸಾಡಿಯ ಮಳೆ. ರಾತ್ರಿ ಕೇಳುವ ಸದ್ದು ಕಡಲಿನದೋ ಮಳೆಯದೋ ಎಂದು ಗೊತ್ತಾಗದಂಥ ದಿನಗಳು. ಗೌರಿ ಎಂಬ ನಮ್ಮ ಗಿಡ್ಡ ದನ ಸಂಜೆಯಿಂದಲೇ ಏಳುತ್ತ ಮಲಗುತ್ತ ಇತ್ತು. ಸಾಮಾನ್ಯವಾಗಿ ಗಿಡ್ಡ ದನ ಕರು ಹಾಕುವುದು ಯಾರಿಗೂ ಗೊತ್ತಾಗುವುದಿಲ್ಲ. ಹಾಡಿಗೆ ಮೇಯಲು ಹೋದದ್ದು ಸಂಜೆ ಕರುವಿನ ಸಮೇತ ಮನೆಗೆ ಬಂದದ್ದೂ ಉಂಟು. ಈ ಸಲ ಹಾಗಾಗಲಿಲ್ಲ. ನಡುರಾತ್ರಿಯ ಮೇಲೆ ಅಮ್ಮಮ್ಮ, ಮಾವ ಇಬ್ಬರೂ ಸೇರಿ ಕಾಲು ಹಿಡಿದು ಎಳೆಯಬೇಕಾಯಿತು. ಕರು ಹೊರಗೆ ಬಂತು, ಉಸಿರಾಡಿತು, ಗೌರಿ ನೆಕ್ಕತೊಡಗಿತು. ಅಷ್ಟರಲ್ಲಿ ಅಮ್ಮಮ್ಮ ನನ್ನನ್ನು ಕರೆದರು: "ಮಗಾ, ಇಲ್ಲ್ ಬಾ. ಇದ್ರ ಕಾಲ್ ಕಾಣ್."

ಲಾಟೀನು ಹತ್ತಿರ ಹಿಡಿದೆ. ಆಗ ತಾನೇ ಹುಟ್ಟಿದ ಕರುವಿನ ಗೊರಸನ್ನು ನೀವು ಹತ್ತಿರದಿಂದ ನೋಡಿದ್ದೀರೋ ಇಲ್ಲವೋ. ಗೊರಸಿನ ತುದಿಗೆ ಎಳೆ ತೆಂಗಿನ ಗಂಜಿಯಂಥ ಮೆತ್ತನೆಯ, ಹಳದಿ ಬಣ್ಣದ ಒಂದು ಹೊದಿಕೆ ಇರುತ್ತದೆ. ಒಳಗೆ ಒದೆಯುವಾಗ ತಾಯಿಯ ಗರ್ಭಕೋಶ ಹರಿಯಬಾರದೆಂದು ಇರುವ ಕಾಲುಚೀಲ ಅದು. ಕುದುರೆಮರಿಗೂ ಅದು ಇರುತ್ತದೆ. ಎದ್ದು ನಾಲ್ಕು ಹೆಜ್ಜೆ ಹಾಕಿದ ಮೇಲೆ ತಾನಾಗಿ ಸವೆದು ಉದುರಿಹೋಗುತ್ತದೆ. ನಮ್ಮ ಕರುವಿನ ಮುಂಗಾಲಿನ ಗೊರಸುಗಳಲ್ಲಿ ಅದು ಮರುದಿನವೂ ಹಾಗೇ ಇತ್ತು. ಯಾಕೆಂದರೆ ಆ ಗೊರಸು ನೆಲ ಮುಟ್ಟಲೇ ಇಲ್ಲ. ಗೊರಸಿನ ಮೇಲಿನ ಗಿಣ್ಣಿನಲ್ಲಿ ಎರಡೂ ಕಾಲು ಹಿಂದಕ್ಕೆ ಮಡಚಿಕೊಂಡಿದ್ದವು, ಕೈಮುಷ್ಟಿ ಕಟ್ಟಿದ ಹಾಗೆ. ಏಳಲು ಹೋದರೆ ಗಿಣ್ಣಿನ ಮೇಲೆ ನಿಲ್ಲುತ್ತಿತ್ತು, ಮುಂದಕ್ಕೆ ಮುಗ್ಗರಿಸುತ್ತಿತ್ತು.

ಮಾವ ಹಿಂದಿನಿಂದ ನೋಡಿ ಹೇಳಿದರು: "ಹೋರಿ ಕರ. ಅದ್ರ ಮೇಲ್ ಕಾಲೂ ಸಮ ಇಲ್ಲೆ. ಎಂತಕ್ ಡಾಕ್ಟ್ರು?"

ಮಾವ ಕೆಟ್ಟ ಮನುಷ್ಯರಲ್ಲ. ಅವರ ಲೆಕ್ಕ ಊರಿನ ಲೆಕ್ಕ. ಹೆಂಗರು ಆಗಿದ್ದರೆ ನಾಳೆ ಹಾಲು. ಹೋರಿ ಕರು ಹಿಂದೆ ಗದ್ದೆ ಹೂಡುತ್ತಿತ್ತು, ಈಗ ಗದ್ದೆಗೆ ಟಿಲ್ಲರ್ ಇಳಿಯುತ್ತದೆ. ಕಂಬಳಕ್ಕೆ ಕೋಣ ಬೇಕೇ ಹೊರತು ಹೋರಿ ಬೇಡ. ನಾಲ್ಕು ಕಾಲು ನೆಟ್ಟಗಿರುವ ಹೋರಿಗೇ ಬೇಡಿಕೆಯಿಲ್ಲದ ಕಾಲದಲ್ಲಿ ಎರಡು ಕಾಲು ಮಡಚಿದ ಹೋರಿಗೆ ಯಾರು ಖರ್ಚು ಮಾಡುತ್ತಾರೆ? ಅಮ್ಮಮ್ಮ ಈ ಲೆಕ್ಕಕ್ಕೆ ಉತ್ತರ ಕೊಡಲಿಲ್ಲ. "ಹುಟ್ಟಿತ್ತಲ್ದಾ? ನಿಲ್ಸಿ ಕಾಂಬ" ಎಂದರು. ಅಷ್ಟೇ.

ಕರು ಎದ್ದು ಕೆಚ್ಚಲಿಗೆ ಬಾಯಿ ಹಾಕಲಾರದು ಎಂದಾದ ಮೇಲೆ ಮೊದಲ ತುರ್ತು ಕಾಲಿನದಲ್ಲ, ಹೊಟ್ಟೆಯದು. ಕನ್ನಡದಲ್ಲಿ ಒಂದು ವಿಚಿತ್ರ ನೋಡಿ: ಕಾಲಿನ ಸಂದಿಗೂ ಗಿಣ್ಣು ಎನ್ನುತ್ತೇವೆ, ಕರು ಹಾಕಿದ ದನದ ಮೊದಲ ಹಾಲಿಗೂ ಗಿಣ್ಣು ಎನ್ನುತ್ತೇವೆ. ಕಾಲಿನ ಗಿಣ್ಣು ಕೆಲಸ ಮಾಡದಿದ್ದರೆ ಹಾಲಿನ ಗಿಣ್ಣು ಸಿಗುವುದಿಲ್ಲ. ಆ ಗಿಣ್ಣು ಸಿಗದಿದ್ದರೆ ಈ ಗಿಣ್ಣನ್ನು ಸರಿ ಮಾಡಲು ಕರುವೇ ಉಳಿಯುವುದಿಲ್ಲ. ಮನುಷ್ಯರ ಮಗುವಿಗೆ ತಾಯಿಯ ರಕ್ತದಿಂದಲೇ ರೋಗ ತಡೆಯುವ ಬಲ ಒಂದಿಷ್ಟು ಬಂದಿರುತ್ತದೆ. ದನಕ್ಕೂ ಕುದುರೆಗೂ ಹಾಗಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ಆ ಬಲವೆಲ್ಲ ಇರುವುದು ಗಿಣ್ಣು ಹಾಲಿನಲ್ಲಿ. ಅದನ್ನು ಹೀರಿಕೊಳ್ಳುವ ಬಾಗಿಲು ಕರುವಿನ ಕರುಳಿನಲ್ಲಿ ಗಂಟೆಗಂಟೆಗೂ ಮುಚ್ಚುತ್ತ ಬಂದು ಒಂದು ದಿನದೊಳಗೆ ಪೂರ್ತಿ ಹಾಕಿಕೊಳ್ಳುತ್ತದೆ. ಮೊದಲ ಆರು ಗಂಟೆಯೊಳಗೆ ಕುಡಿಸಿದ್ದೇ ನಿಜವಾದ ಲಾಭ. ಮೊದಲ ದಿನ ಕರುವಿನ ತೂಕದ ಹತ್ತರಲ್ಲಿ ಒಂದು ಪಾಲು ಹೊಟ್ಟೆಗೆ ಹೋಗಬೇಕು. ಹದಿನೈದು ಕಿಲೋದ ಕರುವಿಗೆ ಒಂದೂವರೆ ಲೀಟರು, ಅದೂ ನಾಲ್ಕೈದು ಸಲಕ್ಕೆ ಹಂಚಿ.

ನಮ್ಮಲ್ಲಿ ಇನ್ನೂ ಕೆಲವರು ಕಸ, ಎಂದರೆ ಮಾಸು, ಬೀಳುವವರೆಗೆ ಕರುವಿಗೆ ಹಾಲು ಬಿಡುವುದಿಲ್ಲ. ಕಸ ಬೀಳದೆ ಕರು ಕುಡಿದರೆ ತೊಂದರೆಯಂತೆ. ಇರುವುದು ಸರಿಯಾಗಿ ಇದರ ತಿರುಗುಮುರುಗು. ಕರು ಕೆಚ್ಚಲು ಚೀಪಿದರೆ ತಾಯಿಯ ಗರ್ಭಕೋಶ ಬಿಗಿದು ಕಸ ಬೇಗ ಬೀಳಲು ಅನುಕೂಲವಾಗುತ್ತದೆ. ಕಸಕ್ಕೆ ಕಾಯುತ್ತ ಕೂತ ಮನೆಯಲ್ಲಿ ಕರುವಿನ ಬಾಗಿಲು ಮುಚ್ಚಿಹೋಗುತ್ತದೆ. ಇನ್ನು ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣಿನ ವಿಷಯ. ಅದು ನನಗೂ ಪ್ರೀತಿಯೇ. ಆದರೆ ಗಿಡ್ಡ ದನದ ಕೆಚ್ಚಲಲ್ಲಿ ಇರುವುದೇ ಅಷ್ಟು. ಮೊದಲ ದಿನದ್ದು ಕರುವಿನದು, ನೆರೆಮನೆಗೆ ಹಂಚುವುದು ಆಮೇಲೆ. ಆ ರಾತ್ರಿ ಅಮ್ಮಮ್ಮ ಗೌರಿಯ ಹಾಲು ಹಿಂಡಿ, ತಮ್ಮ ಎರಡು ಬೆರಳನ್ನು ಕರುವಿನ ಬಾಯಿಗೆ ಕೊಟ್ಟು, ಬೆರಳ ಸಂದಿಯಿಂದ ಚೂರುಚೂರಾಗಿ ಚೀಪಿಸಿದರು. ಬಾಯಿ ತೆರೆಸಿ ಸುರಿದರೆ ಶ್ವಾಸಕೋಶಕ್ಕೆ ಹೋಗಿಬಿಡುತ್ತದೆ ಎಂಬುದು ಅವರಿಗೆ ಯಾರೂ ಕಲಿಸದೆ ಗೊತ್ತಿತ್ತು.

ಬೆಳಿಗ್ಗೆ ಪಶುವೈದ್ಯರು ಬಂದರು. ಘಟ್ಟದ ಮೇಲಿನವರು, ಬೈಕಿನ ಹಿಂದೆ ಪ್ಲಾಸ್ಟಿಕ್ ಹಾಳೆ ಸುತ್ತಿದ ಪೆಟ್ಟಿಗೆ. ಅವರು ಕಾಲು ಮುಟ್ಟುವ ಮೊದಲು ಹೊಕ್ಕುಳು ನೋಡಿದರು. ಅಮ್ಮಮ್ಮ ಅಲ್ಲಿಗೆ ಅರಿಶಿನ, ತೆಂಗಿನೆಣ್ಣೆ ಹಚ್ಚಿದ್ದರು. ವೈದ್ಯರು ಬೈಯಲಿಲ್ಲ, ಒರೆಸಿ ತೆಗೆದು, ಸಣ್ಣ ಲೋಟದಲ್ಲಿ ಟಿಂಚರ್ ಅಯೋಡಿನ್ ಹಿಡಿದು ಹೊಕ್ಕುಳ ಬಳ್ಳಿಯನ್ನೇ ಅದರಲ್ಲಿ ಅದ್ದಿದರು. ಕಾಲಿಗೆ ಬಂದವರು ಹೊಕ್ಕುಳಿಗೆ ಯಾಕೆ ಮದ್ದು ಮಾಡುತ್ತಾರೆ ಎಂದು ನಾನು ಕೇಳಿದೆ. ಹಸಿ ಹೊಕ್ಕುಳಿನ ಮೂಲಕ ಒಳನುಗ್ಗಿದ ಸೋಂಕು ರಕ್ತದಲ್ಲಿ ಹರಿದು ಹೋಗಿ ಕಾಲಿನ ಗಂಟುಗಳಲ್ಲಿ ಬೀಡುಬಿಡುತ್ತದೆ. ವಾರದಲ್ಲಿ ಗಂಟು ಊದಿ, ಬಿಸಿಯಾಗಿ, ಕರು ಕುಂಟುತ್ತದೆ. ಅದು ಬೇರೆ ರೋಗ. ಹುಟ್ಟುವಾಗಲೇ ಮಡಚಿದ ಕಾಲಿನಲ್ಲಿ ಬಿಸಿಯಿಲ್ಲ, ಬಾವಿಲ್ಲ, ಮುಟ್ಟಿದರೆ ನೋವೂ ಇಲ್ಲ. ಎರಡನ್ನೂ ಒಂದೇ ಎಂದು ತಿಳಿದು ಪಟ್ಟಿ ಕಟ್ಟಿದರೆ ಕರು ಹೋದ ಹಾಗೆಯೇ ಎಂದರು.

ಆಮೇಲೆ ಕರುವಿನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸನ್ನು ಮೆಲ್ಲನೆ ಮುಂದಕ್ಕೆ ಎಳೆದರು. ಬಿಟ್ಟರೆ ರಬ್ಬರಿನ ಹಾಗೆ ಹಿಂದಕ್ಕೆ ಹೋಯಿತು. ಎಳೆದಾಗ ಪೂರ್ತಿ ನೆಟ್ಟಗಾಯಿತು. ವೈದ್ಯರ ಮುಖ ಅರಳಿತು. "ಅಮ್ಮಾ, ಕೈಯಲ್ಲಿ ನೆಟ್ಟಗಾಗುವ ಕಾಲು ಪಟ್ಟಿಯಲ್ಲೂ ನೆಟ್ಟಗಾಗುತ್ತದೆ" ಎಂದರು. ಅಮ್ಮಮ್ಮ "ನರ ಎಳ್ಕಂಡಿತ್ತ್ ಅಲ್ದಾ?" ಎಂದರು. ನಾವೆಲ್ಲ ನರ ಎನ್ನುವುದು ನರವಲ್ಲ. ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಹುರಿ, ಪುಸ್ತಕದವರು ಸ್ನಾಯುರಜ್ಜು ಎನ್ನುತ್ತಾರೆ. ಕಾಲಿನ ಹಿಂಬದಿಯ ಈ ಹುರಿ ಎಲುಬಿನ ಉದ್ದಕ್ಕೆ ಸಾಲದಷ್ಟು ಗಿಡ್ಡವಾಗಿ ಬಿಗಿದಿರುತ್ತದೆ. ಸ್ವಲ್ಪವೇ ಬಿಗಿದಿದ್ದರೆ ನಾಲ್ಕು ದಿನ ನಡೆದಾಡುವಾಗ ಮೈಭಾರಕ್ಕೆ ತಾನಾಗಿ ಸಡಿಲುತ್ತದೆ. ನಮ್ಮದರ ಹಾಗೆ ಗಿಣ್ಣಿನ ಮೇಲೆ ನಿಲ್ಲುವ ಕರುವಿಗೆ ಕಾಲನ್ನು ನೆಟ್ಟಗೆ ಹಿಡಿದಿಡುವ ಪಟ್ಟಿ ಬೇಕು. ಕೈಯಲ್ಲಿ ಎಳೆದರೂ ಬಾರದ ಕಾಲಾದರೆ ಹುರಿಯನ್ನು ಕತ್ತರಿಸುವ ಶಸ್ತ್ರಕ್ರಿಯೆ, ಅದರಿಂದಲೂ ಎಲ್ಲ ಕಾಲು ಸರಿಹೋಗುವುದಿಲ್ಲ.

"ಪಂಪ್‌ಸೆಟ್ಟಿನ ಹಳೆ ಪೈಪು ಇದೆಯೋ?" ವೈದ್ಯರು ಕೇಳಿದ್ದು ಇದನ್ನು. ತೋಟದ ಮೂಲೆಯಿಂದ ಒಂದು ಪಿವಿಸಿ ತುಂಡು ತಂದೆ. ಗರಗಸದಲ್ಲಿ ಗೇಣುದ್ದ ಕತ್ತರಿಸಿ, ಉದ್ದಕ್ಕೆ ಸೀಳಿ, ಹಾಳೆಯ ತೊಟ್ಟೆಯಂಥ ಎರಡು ಹೋಳು ಮಾಡಿದರು. ಅಂಚನ್ನು ಬಿಸಿಗೆ ಹಿಡಿದು ಮಡಚಿದರು. ಹಳೆ ಹಾಸಿಗೆಯ ಹತ್ತಿಯನ್ನು ಕಾಲಿಗೆ ದಪ್ಪಗೆ ಸುತ್ತಿ, ಮೇಲೆ ಮಾವನ ಹಳೆ ಪಂಚೆಯ ಪಟ್ಟಿ, ಹಿಂಬದಿಗೆ ಪೈಪಿನ ಹೋಳು, ಮತ್ತೆ ಪಟ್ಟಿ. ಪೈಪಿನ ತುದಿ ಗೊರಸಿಗಿಂತ ಚೂರು ಕೆಳಗೆ. ಹಟ್ಟಿಯ ನೆಲ ಜಾರುತ್ತಿತ್ತು. ಜಾರುವ ನೆಲದಲ್ಲಿ ಒಳ್ಳೆಯ ಕಾಲೂ ನಿಲ್ಲುವುದಿಲ್ಲ. ಉಪ್ಪುಂದದವರಿಗೆ ಹೊಯ್ಗೆಗೆ ಬರವೇ? ನಾಲ್ಕು ಬುಟ್ಟಿ ಹಾಸಿದೆವು. ಎತ್ತಿ ನಿಲ್ಲಿಸಿದೆವು. ನಡುಗುತ್ತ ನಿಂತಿತು. ಗೌರಿ ಬಂದು ಪೈಪನ್ನು ಮೂಸಿ ನೋಡಿ ಮುಖ ಸಿಂಡರಿಸಿತು.

ವೈದ್ಯರು ಹೊರಡುವಾಗ ಹೇಳಿದ ಮಾತು ಒಂದೇ: ಕಟ್ಟುವುದು ವೈದ್ಯ ಅಲ್ಲ, ಬಿಚ್ಚುವುದು ವೈದ್ಯ. ದಿನಾ ಬಿಚ್ಚಬೇಕು. ಗೊರಸು ತಣ್ಣಗಾಗಿದೆಯೋ, ಊದಿದೆಯೋ ನೋಡಬೇಕು. ಹತ್ತಿ ಒದ್ದೆಯಾಗಿದ್ದರೆ ಬದಲಿಸಬೇಕು. ಕಾಲನ್ನು ಹತ್ತಿಪ್ಪತ್ತು ಸಲ ಮೆಲ್ಲನೆ ಎಳೆದು ಬಿಡಬೇಕು, ಸ್ವಲ್ಪ ಹೊತ್ತು ಪಟ್ಟಿಯಿಲ್ಲದೆ ನಿಲ್ಲಿಸಬೇಕು, ಮತ್ತೆ ಕಟ್ಟಬೇಕು. ಎಳೆಗರು ದಿನದಿಂದ ದಿನಕ್ಕೆ ಬೆಳೆಯುತ್ತದೆ, ನಿನ್ನೆಯ ಹದವಾದ ಕಟ್ಟು ನಾಡಿದ್ದಿಗೆ ನೇಣು. ಅಮ್ಮಮ್ಮ ಇದನ್ನು ಎಲೆಅಡಿಕೆ ಹಾಕುವಷ್ಟೇ ತಪ್ಪದೆ ಮಾಡಿದರು. ಅವರು ಯಾವುದೋ ಸಾವಿನ ಮನೆಗೆ ಹೋದ ಒಂದು ದಿನ ಕೆಲಸ ನನ್ನದಾಯಿತು. ಮಳೆ, ಸೋಮಾರಿತನ, ಕಾಲೇಜಿನ ಬಸ್ಸು. ಬಿಚ್ಚಲಿಲ್ಲ. ಮರುದಿನ ನೋಡಿದರೆ ಗಿಣ್ಣಿನ ಹಿಂದೆ ರೂಪಾಯಿಯಗಲ ಚರ್ಮ ಎದ್ದಿತ್ತು. ಅದು ಮಾಯಲು ಎರಡು ವಾರ ಹಿಡಿಯಿತು. ಆ ಎರಡು ವಾರ ಅಮ್ಮಮ್ಮ ನನ್ನ ಹತ್ತಿರ ಹೆಚ್ಚು ಮಾತಾಡಲಿಲ್ಲ.

ಈಗ ಹೆಸರಿನ ವಿಷಯ. ಮಳೆ ಬಿಟ್ಟಾಗ ಕರುವನ್ನು ಸಿಮೆಂಟಿನ ಅಂಗಳಕ್ಕೆ ಬಿಡುತ್ತಿದ್ದೆವು. ಪೈಪಿನ ತುದಿ ನೆಲಕ್ಕೆ ತಾಗಿ ಟಕ್ ಟಕ್ ಟಕ್. ಟಿವಿಯ ರಾಜಮಹಾರಾಜರ ಕುದುರೆಗಳದ್ದೇ ಸದ್ದು. ನೆರೆಮನೆಯ ಮಕ್ಕಳು ಬೇಲಿಯಾಚೆಯಿಂದ "ಕುದ್ರಿ ಬಂತ್, ಕುದ್ರಿ ಬಂತ್" ಎಂದರು. ಹೆಸರು ನಿಂತಿತು.

ವರ್ಷಗಳ ಮೇಲೆ ಮಾರ್ಕೊ ಪೋಲೋನ ಪ್ರವಾಸದ ಪುಸ್ತಕ ಓದುವಾಗ ನಾನು ಒಂದು ಪುಟದಲ್ಲಿ ತಡೆದು ನಿಂತೆ. 13ನೆಯ ಶತಮಾನದ ಕೊನೆಗೆ ಪಾಂಡ್ಯರ ಕರಾವಳಿಯನ್ನು ಕಂಡ ಆತ, 1298ರಲ್ಲಿ ಜಿನೋವಾದ ಸೆರೆಮನೆಯಲ್ಲಿ ಕೂತು ಬರೆಯಿಸಿದ ಕಥನದಲ್ಲಿ ಹೇಳುತ್ತಾನೆ: ಈ ಸೀಮೆಯಲ್ಲಿ ಕುದುರೆ ಹುಟ್ಟಿ ಬೆಳೆಯುವುದಿಲ್ಲ, ಎಂಥ ಜಾತಿವಂತ ಗಂಡು ಹೆಣ್ಣು ಕೂಡಿದರೂ ಹುಟ್ಟುವುದು ಕಾಲು ಸೊಟ್ಟಗಿರುವ, ಸವಾರಿಗೆ ಬಾರದ ಬಡಕಲು ಮರಿ. ಅದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದ್ದಾನೆ. ಕಡಲಾಚೆಯಿಂದ ಕುದುರೆ ತಂದು ಮಾರುವ ವರ್ತಕರು ಲಾಳ ಕಟ್ಟುವ, ಕುದುರೆಯ ಉಪಚಾರ ಬಲ್ಲ ಜನರನ್ನು ತಾವೂ ಕರೆತರುವುದಿಲ್ಲ, ಬೇರೆಯವರನ್ನೂ ಬರಗೊಡುವುದಿಲ್ಲ. ಕುದುರೆ ಸತ್ತಷ್ಟೂ ವ್ಯಾಪಾರ. ಹವೆಯನ್ನು ದೂರುವ ಮೊದಲು ಆತ ಈ ಎರಡನೆಯ ಮಾತನ್ನು ಇನ್ನೊಮ್ಮೆ ಯೋಚಿಸಬಹುದಿತ್ತು ಎಂದು ನನಗನ್ನಿಸಿತು. ಕಾಲು ಸೊಟ್ಟಗೆ ಹುಟ್ಟಿದ ಆ ಮರಿಗಳಲ್ಲಿ ಎಷ್ಟಕ್ಕೆ ಒಂದು ಪಟ್ಟಿ, ಎರಡು ಬಿದಿರ ಸೀಳು ಸಾಕಾಗುತ್ತಿತ್ತೋ.

ನಮ್ಮ ಬದಿಯ ಕಡಲಿನಲ್ಲೂ ಕುದುರೆ ಇಳಿದಿದೆ. ಬೈಂದೂರು ದಾಟಿದರೆ ಸಿಗುವ ಭಟ್ಕಳ ವಿಜಯನಗರದ ಕಾಲದಲ್ಲಿ ಕುದುರೆಯ ಬಂದರು. ಅರಬರ ಕುದುರೆಗಳು ಅಲ್ಲಿಳಿದು ಘಟ್ಟ ಹತ್ತಿ ಹೋಗುತ್ತಿದ್ದವು, ನಮ್ಮಲ್ಲಿ ಉಳಿಯುತ್ತಿರಲಿಲ್ಲ. ಹಾಗೆಂದು ಉಪಚಾರದ ವಿದ್ಯೆ ಕನ್ನಡಕ್ಕೆ ಹೊಸದಲ್ಲ. ಚಾಲುಕ್ಯರ ಮನೆತನದ ಕೀರ್ತಿವರ್ಮ 12ನೆಯ ಶತಮಾನದಲ್ಲೇ 'ಗೋವೈದ್ಯ' ಬರೆದ. ಅಭಿನವಚಂದ್ರನೆಂಬವನು ಕುದುರೆಯ ವೈದ್ಯವನ್ನೂ ಕನ್ನಡದಲ್ಲಿ ಬರೆದಿದ್ದಾನೆ. ಅರಸನ ಮಗ ದನದ ಮದ್ದನ್ನು ಕುರಿತು ಗ್ರಂಥ ಬರೆದ ನಾಡಿನಲ್ಲಿ ಹೋರಿ ಕರುವಿಗೆ ಡಾಕ್ಟರು ಯಾಕೆ ಎಂದು ಕೇಳಿದ ನಮ್ಮ ಮಾವನಿಗೆ ನಾನು ಇದನ್ನು ಹೇಳಿದ್ದೂ ಉಂಟು. ಅವರಿಗೆ ಅದು ಅಷ್ಟೇನೂ ಹಿಡಿಸಲಿಲ್ಲ.

ಈಗ ಗಿಡ್ಡ ಕುದುರೆಗಳ ಕಾಲ. ಅಮೆರಿಕದಲ್ಲಿ ಮಿನಿಯೇಚರ್ ಕುದುರೆ ಎಂದು ಸಾಕುತ್ತಾರೆ. ಅಲ್ಲಿನ ಒಂದು ಸಂಘದ ಲೆಕ್ಕದಲ್ಲಿ ಅದರ ಎತ್ತರ 34 ಇಂಚು ಮೀರಬಾರದು, ಅಂದರೆ 86 ಸೆಂಟಿಮೀಟರಿನ ಆಚೀಚೆ. ನಮ್ಮ ಗೌರಿಯನ್ನು ಪಕ್ಕದಲ್ಲಿ ನಿಲ್ಲಿಸಿದರೆ ಭುಜಕ್ಕೆ ಭುಜ ಸರಿಹೊಂದೀತು. ಗೌರಿಯ ತಳಿಯಾದ ಮಲೆನಾಡು ಗಿಡ್ಡದ ಎತ್ತರವೂ ಮೂರಡಿಯೊಳಗೇ. ಆ ಪುಟ್ಟ ಕುದುರೆಮರಿಗಳಲ್ಲಿ ಹೆರಿಗೆಯ ತೊಡಕು, ಕಾಲಿನ ಡೊಂಕು ಎರಡೂ ಹೆಚ್ಚು. ಅಲ್ಲಿನ ವೈದ್ಯರೂ ಮಾಡುವುದು ಇದನ್ನೇ: ಹತ್ತಿ, ಪಟ್ಟಿ, ಪೈಪಿನ ಸೀಳು. ಕುದುರೆಮರಿಗಾದರೆ ಹುಟ್ಟಿದ ಮೊದಲ ದಿನಗಳಲ್ಲಿ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟು ಬಿಗಿದ ಹುರಿಯನ್ನು ಸಡಿಲಿಸುವುದೂ ಇದೆ. ಮೂತ್ರಪಿಂಡಕ್ಕೆ ಅಪಾಯವಿರುವ ಮದ್ದು, ವೈದ್ಯರ ಕೈಯಲ್ಲೇ ಇರಬೇಕು. ಕೆಲವು ಮರಿಗಳಲ್ಲಿ ಇದರ ಉಲ್ಟಾ, ಹುರಿ ಸಡಿಲವಾಗಿ ಗೊರಸಿನ ತುದಿ ಮೇಲಕ್ಕೆದ್ದು ಹಿಮ್ಮಡಿಯ ಮೇಲೆ ನಡೆಯುತ್ತವೆ. ಅದಕ್ಕೆ ಬಿಗಿ ಪಟ್ಟಿ ಕಟ್ಟಿದರೆ ಇನ್ನೂ ಸಡಿಲಾಗುತ್ತದೆ. ಪಟ್ಟಿ ಕಂಡಲ್ಲೆಲ್ಲ ಕಟ್ಟುವ ಉತ್ಸಾಹಿಗಳು ಇದನ್ನು ಕೇಳಿಸಿಕೊಳ್ಳಲಿ.

ಗೌರಿಯ ಕರುವಿಗೆ ಹೀಗೇಕಾಯಿತು? ಇದಕ್ಕೆ ಕಾರಣ ಒಂದೇ ಅಲ್ಲ. ವಂಶದಿಂದ ಬರಬಹುದು, ಬಸುರಿ ದನ ತಿಂದ ವಿಷಸೊಪ್ಪಿನಿಂದ ಬರಬಹುದು, ಮೇವಿನಲ್ಲಿ ಮ್ಯಾಂಗನೀಸಿನಂಥ ಖನಿಜ ಕಡಿಮೆಯಾಗಿಯೂ ಬರಬಹುದು. ನಮ್ಮ ವೈದ್ಯರು ಕರುವಿನ ಗಾತ್ರ ನೋಡಿ ಬೇರೆ ಒಂದನ್ನು ಕೇಳಿದರು: "ಸೂಜಿ ಯಾವುದು ಹಾಕಿಸಿದ್ದಿರಿ?" ಜರ್ಸಿ. ಡೈರಿಗೆ ನಾಲ್ಕು ಲೋಟ ಹಾಲು ಹೆಚ್ಚು ಹೋಗಲಿ ಎಂಬ ಆಸೆ ನಮ್ಮದೇ, ಯಾರನ್ನೂ ದೂರುವಂತಿಲ್ಲ. ಗಿಡ್ಡದ ಕರು ಹುಟ್ಟುವಾಗ ಹತ್ತು ಕಿಲೋದ ಆಸುಪಾಸು ಇರುತ್ತದೆ. ದೊಡ್ಡ ತಳಿಯ ಬೀಜ ಗಿಡ್ಡ ದನದ ಗರ್ಭದಲ್ಲಿ ಬೆಳೆದರೆ ಸಣ್ಣ ಕೋಣೆಯಲ್ಲಿ ದೊಡ್ಡ ನೆಂಟ ಮಲಗಿದ ಹಾಗೆ, ಕಾಲು ಮಡಚಿಕೊಳ್ಳದೆ ಬೇರೆ ದಾರಿಯಿಲ್ಲ. ಹೆರಿಗೆಯೂ ಕಷ್ಟ. ವರ್ಷಗಂಧಿ ಎಂದು ಹೆಸರು ಪಡೆದ, ವರ್ಷ ವರ್ಷ ಕರು ಹಾಕುವ ಜಾತಿ ಈ ಗಿಡ್ಡ. ಬೈಹುಲ್ಲು, ಅಕ್ಕಚ್ಚು, ಹಾಡಿಯ ಸೊಪ್ಪು ಇಷ್ಟರಲ್ಲೇ ಬದುಕಿ, ಈ ಮಳೆ, ಈ ಉಣ್ಣೆ, ಈ ಕೆಸರು ಎಲ್ಲ ತಡೆದುಕೊಂಡು ಬಂದದ್ದು. ಕರ್ನಾಲಿನ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆ ಇದನ್ನು ಒಂದು ಸ್ವತಂತ್ರ ತಳಿಯೆಂದು ದಾಖಲಿಸಿದೆ. ದಕ್ಷಿಣ ಕನ್ನಡದ ಕೊಯಿಲದ ಸರಕಾರಿ ಕ್ಷೇತ್ರದಲ್ಲಿ ಇದನ್ನು ಉಳಿಸಿ ಬೆಳೆಸುತ್ತಿದ್ದಾರೆ. ಇನ್ನೊಂದೆಡೆ ಪೇಟೆಯವರು ಗಿಡ್ಡ ತಳಿಯ ಕರುಗಳನ್ನು ನಾಯಿಮರಿಯ ಹಾಗೆ ಸೋಫಾದ ಮೇಲೆ ಕೂರಿಸಿ ಫೋಟೊ ತೆಗೆಯುತ್ತಿದ್ದಾರೆ. ಕೇರಳದ ವೆಚ್ಚೂರು ತಳಿಯ ಮಾಣಿಕ್ಯಂ ಎಂಬ ದನ 61.1 ಸೆಂಟಿಮೀಟರ್ ಎತ್ತರಕ್ಕೆ 2014ರಲ್ಲಿ ಗಿನ್ನೆಸ್ ದಾಖಲೆಗೆ ಹೋಯಿತು. ಸಣ್ಣದು ಎಂಬ ಕಾರಣಕ್ಕೇ ನಾವು ಕೈಬಿಟ್ಟದ್ದನ್ನು ಅವರು ಸಣ್ಣದು ಎಂಬ ಕಾರಣಕ್ಕೇ ಎತ್ತಿಕೊಳ್ಳುತ್ತಿದ್ದಾರೆ. ಮೇಯಲು ಹಾಡಿಯಿಲ್ಲದ ಕಡೆ ಅವುಗಳ ಗೊರಸು ಏನಾದೀತೋ ಎಂದು ನನಗೊಂದು ಚಿಂತೆ. ಟೈಲ್ಸಿನ ಮೇಲೆ ಗೊರಸು ಸವೆಯುವುದಿಲ್ಲ.

ನಮ್ಮ ಕುದುರೆಯ ಕಾಲಿಗೆ ಬರುತ್ತೇನೆ. ಮೂರನೆಯ ವಾರಕ್ಕೆ ಹಗಲು ಪಟ್ಟಿ ಬೇಡವಾಯಿತು. ಐದನೆಯ ವಾರಕ್ಕೆ ರಾತ್ರಿಯದ್ದೂ ಹೋಯಿತು. ಎಡಗಾಲಿನಲ್ಲಿ ಒಂದು ಸಣ್ಣ ಬಾಗು ಉಳಿಯಿತು, ಗೊತ್ತಿದ್ದವರಿಗೆ ಮಾತ್ರ ಕಾಣುವಂಥದ್ದು. ದೀಪಾವಳಿಯ ಗೋಪೂಜೆಗೆ ಅಮ್ಮಮ್ಮ ಎಲ್ಲ ಗಂಟಿಗಳ ಮೈಮೇಲೆ ಸೇಡಿಯಲ್ಲಿ ಅದ್ದಿದ ಸಿದ್ದೆಯ ಬಾಯಿ ಒತ್ತಿ ಬಿಳಿ ಉಂಗುರ ಬರೆಯುವಾಗ ಅದು ನಿಂತಲ್ಲಿ ನಿಲ್ಲಲಿಲ್ಲ. ಮಾವ ಹಗ್ಗ ಹಿಡಿದುಕೊಂಡು ಒದೆ ತಿಂದರು. ನಾನು ನಗುವುದನ್ನು ಅವರು ನೋಡಿದರು. ಹೋರಿಯನ್ನು ಎರಡು ವರ್ಷ ಸಾಕಿದ ಮೇಲೆ ಘಟ್ಟದ ಮೇಲಿನ ಸಂಬಂಧಿಕರೊಬ್ಬರು ಗಾಡಿಗೆಂದು ಒಯ್ದರು. ಹೆದ್ದಾರಿಯ ಪಾಲಾಗಲಿಲ್ಲವಲ್ಲ ಎಂಬುದೇ ಸಮಾಧಾನ. ಇವತ್ತು ರಾತ್ರಿ ಹೊತ್ತು ಕುಂದಾಪುರದಿಂದ ಶಿರೂರಿನ ತನಕ ಹೋಗಿ ನೋಡಿ, ರಾಷ್ಟ್ರೀಯ ಹೆದ್ದಾರಿ 66ರ ಬಿಸಿ ಡಾಂಬರಿನ ಮೇಲೆ ಮಲಗಿದ ಗಂಟಿಗಳಲ್ಲಿ ಎಷ್ಟು ಹೋರಿಗಳೋ.

ಅಂದು ವೈದ್ಯರನ್ನು ಕರೆಯಲು ಮಾವ ಮಳೆಯಲ್ಲಿ ಸೈಕಲ್ ತುಳಿದಿದ್ದರು. ಬಾಯಲ್ಲಿ ಬೇಡ ಎಂದವರು ಹೋಗುವಾಗ ಯಾರಿಗೂ ಹೇಳಲಿಲ್ಲ. ಈಗ 1962 ಎಂಬ ಸಂಖ್ಯೆಗೆ ಫೋನು ಮಾಡಿದರೆ ಪಶುವೈದ್ಯರ ಗಾಡಿ ಮನೆಬಾಗಿಲಿಗೆ ಬರುವ ಏರ್ಪಾಡು ರಾಜ್ಯದಲ್ಲಿದೆ. ಕರುವಿನ ಕಾಲು ಮಡಚಿದ್ದು ಕಂಡರೆ ನಾಳೆ ನೋಡುವ ಎನ್ನಬೇಡಿ. ಮೊದಲ ವಾರದ ಹುರಿ ಹಸಿ ಬಳ್ಳಿ, ತಿಂಗಳು ಕಳೆದರೆ ಅದೇ ಒಣಬೆತ್ತ. ಅವರು ಬರುವ ತನಕ ಗಿಣ್ಣು ಕುಡಿಸಿ, ಹೊಯ್ಗೆ ಹಾಸಿ.

ಪೈಪಿನ ಎರಡು ಹೋಳನ್ನು ಅಮ್ಮಮ್ಮ ತೊಳೆದು, ಒಣಗಿಸಿ, ಹಟ್ಟಿಯ ಜಂತಿಗೆ ಸಿಕ್ಕಿಸಿಟ್ಟಿದ್ದರು. ಮರುವರ್ಷ ಕಡಲ ಬದಿಯ ಮನೆಯವರು ಬಂದು, ತಮ್ಮ ಆಡಿನ ಮರಿಯ ಕಾಲು ಹೀಗೆಯೇ ಆಗಿದೆ ಎಂದು ಕೇಳಿ ಒಯ್ದರು. ಅಲ್ಲಿಂದ ಅದು ನಾಗೂರಿನ ಒಂದು ಮನೆಗೆ ಹೋಯಿತಂತೆ, ಅಲ್ಲಿಂದ ಎಲ್ಲಿಗೋ. ಅಮ್ಮಮ್ಮ ಇರುವ ತನಕ ಯಾರಾದರೂ ಆ ಕಡೆಯಿಂದ ಬಂದರೆ ಕೇಳುತ್ತಿದ್ದರು. ಪೈಪು ಇನ್ನೂ ವಾಪಸು ಬಂದಿಲ್ಲ.